ಆಸ್ಪತ್ರೆಯ ಕಿಟಕಿಗೆ ನೇತುಹಾಕಿ ಬಂದದ್ದು

ಆ ಹಡಗಿನ ಟಿಕೆಟ್ಟು ನನ್ನದಲ್ಲ, ನಮ್ಮ ಭಾವನದು. ಗುಬ್ಬಿಯಲ್ಲಿ ನಲವತ್ತು ವರ್ಷ ಮೊಳೆ, ಪೈಪು, ಪೇಂಟು ಮಾರಿಕೊಂಡಿದ್ದ ಮನುಷ್ಯ. ಅಂಗಡಿಯನ್ನು ಮಗನ ಕೈಗೆ ಒಪ್ಪಿಸಿದ ಮೇಲೆ ಯಾರದೋ ಮೊಬೈಲಿನಲ್ಲಿ ಸೂರ್ಯ ಮುಳುಗದ ಊರಿನ ವಿಡಿಯೊ ನೋಡಿದರು. ಅಲ್ಲಿಂದ ಅದೇ ಜಪ. ಅಕ್ಕನನ್ನು ಒಂದು ಮಾತೂ ಕೇಳದೆ ಟೂರ್ ಕಂಪನಿಯಲ್ಲಿ ಇಬ್ಬರಿಗೂ ಸೀಟು ಹಿಡಿದು ಬಂದು, ಬಣ್ಣಬಣ್ಣದ ಪುಸ್ತಕವೊಂದನ್ನು ಅವಳ ಮಡಿಲಿಗೆ ಹಾಕಿದರು. ಎರಡು ತಿಂಗಳಿಗೆ ಅವರಿಗೆ ಲಕ್ವ ಹೊಡೆಯಿತು. ಮೂರು ತಿಂಗಳು ಹಾಸಿಗೆಯಲ್ಲಿದ್ದು, ಬೇಸಿಗೆ ಶುರುವಾಗುವ ಮುಂಚೆ ಹೋಗಿಬಿಟ್ಟರು.

ವರ್ಷ ತುಂಬುವ ಮೊದಲೇ ಇದೇನು ತಿರುಗಾಟ ಎಂದು ನೆಂಟರಿಷ್ಟರು ಮೂಗು ಮುರಿದರು. ಅಕ್ಕನ ಮಗ ಮತ್ತು ಸೊಸೆ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಯಲ್ಲೇ ಕೂತರೆ ಅಮ್ಮನೂ ಕೊರಗಿ ಹಾಸಿಗೆ ಹಿಡಿಯುತ್ತಾರೆ ಎಂಬ ಹೆದರಿಕೆ ಅವರಿಗೆ. ಭಾವನ ಹೆಸರಿದ್ದ ಕಡೆ ನನ್ನ ಹೆಸರು ಸೇರಿತು. ನಾನು ಕುಣಿಗಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವಳು. ಮದುವೆ ಮಾಡಿಕೊಳ್ಳಲಿಲ್ಲ. ತುಮಕೂರಿನ ಸದಾಶಿವನಗರದ ಮನೆಯಲ್ಲಿ ಒಬ್ಬಳೇ ಇದ್ದೇನೆ. ಹೊರಡು ಎಂದರೆ ಹೊರಡುವುದಕ್ಕೆ ನನಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

ನಮ್ಮದು ಲಿಂಗ ಕಟ್ಟುವ ಮನೆತನ. ಅಕ್ಕ ಹನ್ನೆರಡನೇ ವಯಸ್ಸಿಗೆ ದೀಕ್ಷೆ ತೆಗೆದುಕೊಂಡವಳು, ಅಂದಿನಿಂದ ಒಂದು ದಿನವೂ ಪೂಜೆ ತಪ್ಪಿಸಿಲ್ಲ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಬಾಯಿಗೆ ತೊಟ್ಟು ನೀರು. ನಾನೂ ದೀಕ್ಷೆ ಆದವಳೇ. ಆದರೆ ಕಾಲೇಜಿಗೆ ಸೇರಿದ ವರ್ಷ ನನ್ನ ಲಿಂಗವನ್ನು ಬಿಚ್ಚಿ ಬೀರುವಿನಲ್ಲಿ ಇಟ್ಟುಬಿಟ್ಟೆ. ಅಕ್ಕ ಅದಕ್ಕೆ ಬಯ್ಯಲಿಲ್ಲ. ಯಾವಾಗಲಾದರೂ ನನ್ನ ಬರಿ ಕೊರಳನ್ನು ಒಮ್ಮೆ ನೋಡಿ ಬೇರೆ ಮಾತು ತೆಗೆಯುತ್ತಿದ್ದಳು, ಅಷ್ಟೆ. ಬೈದಿದ್ದರೆ ನನಗೆ ಜಗಳವಾಡಲು ಅನುಕೂಲವಾಗುತ್ತಿತ್ತು.

ಏರ್‌ಪೋರ್ಟಿನಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ ನೋಡಿದರೆ ಬಿಚ್ಚಿಸುತ್ತಾರೆ ಎಂದು ಅವಳ ಮಗ ಹೆದರಿಸಿದ್ದ. ಅದಕ್ಕೆ ಕರಡಿಗೆಯನ್ನು ಗುಬ್ಬಿಯಲ್ಲೇ ಬಿಟ್ಟು, ಭಾವನ ಹಳೆಯ ಪಂಚೆಯೊಂದನ್ನು ಹರಿದು ಪಟ್ಟಿ ಮಾಡಿ, ಲಿಂಗವನ್ನು ಅದರಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ಒಗೆದು ಬದಲಾಯಿಸಿಕೊಳ್ಳಲು ಇನ್ನೂ ನಾಲ್ಕು ಪಟ್ಟಿ ಪೆಟ್ಟಿಗೆಯಲ್ಲಿದ್ದವು.

ಹಡಗು ಜರ್ಮನಿಯ ಒಂದು ಬಂದರಿನಿಂದ ಹೊರಟಿತು. ನಮ್ಮ ಗುಂಪಿನಲ್ಲಿ ಇಪ್ಪತ್ತಾರು ಜನ. ಜೊತೆಗೆ ಟೂರ್ ಮ್ಯಾನೇಜರ್, ಐವತ್ತು ದಾಟಿದ ಗಡಿಬಿಡಿಯ ಮನುಷ್ಯ. ತುಮಕೂರಿನವರೆಂದರೆ ನಾವಿಬ್ಬರು ಮತ್ತು ಟೈರ್ ಅಂಗಡಿ ಇಟ್ಟುಕೊಂಡಿದ್ದ ಮುಸ್ಲಿಂ ದಂಪತಿ. ಆ ಅಮ್ಮನಿಗೆ ನನ್ನ ವಯಸ್ಸೇ. ಊಟದ ಮನೆಯಲ್ಲಿ ಯಾವುದರಲ್ಲಿ ಮಾಂಸ ಇದೆ, ಯಾವುದರಲ್ಲಿ ಇಲ್ಲ ಎಂದು ನಾವು ಮೂವರು ಹೆಂಗಸರು ಒಟ್ಟಿಗೆ ಪತ್ತೆ ಮಾಡುತ್ತಿದ್ದೆವು. ಕೊನೆಗೆ ಅನ್ನ ಮೊಸರಿಗೆ ಚಟ್ನಿಪುಡಿ ಕಲಸಿಕೊಂಡು ಏಳುತ್ತಿದ್ದೆವು. ಸೂರ್ಯ ಮುಳುಗುವುದಿಲ್ಲ ಎಂದಿದ್ದರಲ್ಲ, ನಿಜ ಹೇಳಬೇಕೆಂದರೆ ನಮಗೆ ಮೊದಮೊದಲು ಸೂರ್ಯ ಕಾಣಿಸಲೇ ಇಲ್ಲ. ನಾಲ್ಕು ದಿನ ಬರೀ ಮೋಡ. ಹೊತ್ತು ಎಷ್ಟಾದರೂ ಅದೇ ಬೂದಿ ಬಣ್ಣದ ಬೆಳಕು.

ಐದನೆಯ ದಿನ ಬೆಳಿಗ್ಗೆ ಆ ಊರಿಗೆ ಹೋದೆವು. ನಾರ್ವೆ ದೇಶದ ತೀರ ಉತ್ತರದ ಬಂದರು. ಅದರ ಹೆಸರು ಬರೆಯುವುದಿಲ್ಲ. ನಡೆದದ್ದರಲ್ಲಿ ಆ ಊರಿನವರ ತಪ್ಪು ಎಳ್ಳಷ್ಟೂ ಇಲ್ಲ. ಮರ ಎನ್ನುವುದು ಇಲ್ಲದ ಕಲ್ಲಿನ ಗುಡ್ಡ, ಅದರ ಬುಡದಲ್ಲಿ ಕೆಂಪು ಹಳದಿ ಮರದ ಮನೆಗಳು, ಮೀನಿನ ವಾಸನೆ, ಡೀಸೆಲ್ ವಾಸನೆ. ಜುಲೈ ತಿಂಗಳಲ್ಲಿ ಹಲ್ಲು ಕಟಕಟಿಸುವ ಚಳಿ. ಯುದ್ಧದಲ್ಲಿ ಇಡೀ ಊರನ್ನು ಸುಟ್ಟು ಹಾಕಿದ್ದರಂತೆ, ಸ್ಮಶಾನದ ಪಕ್ಕದ ಒಂದು ಸಣ್ಣ ಪ್ರಾರ್ಥನಾ ಮಂದಿರ ಮಾತ್ರ ಉಳಿದಿತ್ತಂತೆ. ಹಿಮಸಾರಂಗಗಳು ನಮ್ಮೂರಿನ ಬೀದಿ ದನಗಳ ಹಾಗೆ ರಸ್ತೆ ನಡುವೆ ನಿಂತು ಜನರ ಹೂವಿನ ಕುಂಡ ಮೇಯುತ್ತಿದ್ದವು.

“ಇದನ್ನ ನೋಡೋಕಾ ನಿಮ್ ಭಾವ ಅಷ್ಟೊಂದು ಕನವರಿಸ್ತಿದ್ರು?” ಎಂದಳು ಅಕ್ಕ. ನಗುತ್ತಿದ್ದಳೋ ಅಳುತ್ತಿದ್ದಳೋ ಗೊತ್ತಾಗಲಿಲ್ಲ, ಮುಖದ ತುಂಬ ಮಳೆ ಹನಿ.

ಗುಡ್ಡದ ಮೇಲಿಂದ ಊರು ಚೆನ್ನಾಗಿ ಕಾಣುತ್ತದೆ ಎಂದು ಮ್ಯಾನೇಜರ್ ಎಲ್ಲರನ್ನೂ ಹತ್ತಿಸಿದರು. ನಾನು ಬೇಡ ಅನ್ನಬೇಕಿತ್ತು. ಅಕ್ಕನ ಕಣ್ಣಿಗೆ ಪೊರೆ ಬಂದಿತ್ತು, ಊರಿಗೆ ವಾಪಸ್ಸಾದ ಮೇಲೆ ಆಪರೇಷನ್ ಎಂದು ನಿಗದಿಯಾಗಿತ್ತು. ಆದರೂ ಭಾವ ಇದ್ದಿದ್ದರೆ ಹತ್ತುತ್ತಿದ್ದರು ಎಂದು ಅವಳಿಗೆ ಅನಿಸಿತೋ ಏನೋ, ಸೀರೆಯನ್ನು ಮೇಲೆತ್ತಿ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. ಇಳಿಯುವಾಗ ಒದ್ದೆ ಮೆಟ್ಟಿಲ ಮೇಲೆ ಶೂ ಜಾರಿತು. ಬಲಗೈ ಊರಿ, ಎದೆ ಕೆಳಗಾಗಿ ಬಿದ್ದಳು. ಕನ್ನಡಕ ಕಲ್ಲಿಗೆ ಬಡಿದು ಎರಡು ತುಂಡಾಯಿತು.

ಆಸ್ಪತ್ರೆ ಹತ್ತಿರವೇ ಇತ್ತು. ಕೈಗೂ ಎದೆಗೂ ಎಕ್ಸ್‌ರೇ ತೆಗೆಯಬೇಕು ಎಂದರು. ಬಟ್ಟೆ ಬದಲಿಸುವ ಸಣ್ಣ ಕೋಣೆಯೊಳಕ್ಕೆ ನಮ್ಮಿಬ್ಬರನ್ನು ಕರೆದುಕೊಂಡು ಹೋದ ನರ್ಸಮ್ಮ, ಮೈಮೇಲಿರುವುದನ್ನೆಲ್ಲ ತೆಗೆದು ಇದರಲ್ಲಿ ಹಾಕಿ ಎಂದು ನೀಲಿ ಪ್ಲಾಸ್ಟಿಕ್ ತಟ್ಟೆ ಕೊಟ್ಟಳು. ಬಳೆ, ಒಡೆದ ಕನ್ನಡಕ, ಒದ್ದೆ ಕಾಲುಚೀಲ ಎಲ್ಲ ಅದಕ್ಕೆ ಬಿದ್ದವು. ಆಮೇಲೆ ಕೊರಳಿನ ಕಡೆ ಬೆರಳು ತೋರಿಸಿದಳು.

“ಅವ್ಳು ಮುಟ್ಟಬಾರ್ದು ಕಣೇ. ನೀನೇ ಬಿಚ್ಚು,” ಎಂದಳು ಅಕ್ಕ. ನೋವಿಗೆ ತುಟಿ ಬೆಳ್ಳಗಾಗಿತ್ತು.

ಬಿಚ್ಚಿದೆ. ನರ್ಸಮ್ಮ ತಟ್ಟೆ ಮುಂದೆ ಹಿಡಿದಳು. ಕಾಲುಚೀಲದ ಮೇಲೆ ಲಿಂಗ ಹಾಕುವುದು ಹೇಗೆ? ನಾನು ನಂಬುವವಳಲ್ಲ, ಆದರೂ ನನ್ನ ಕೈ ಮುಂದೆ ಹೋಗಲಿಲ್ಲ. ಕುರ್ಚಿಯ ಮೇಲೆ ಜನ ಕೂರುತ್ತಾರೆ, ನೆಲದ ಮೇಲಂತೂ ಇಡುವ ಹಾಗಿಲ್ಲ. ನನ್ನ ಕೋಟಿನ ಜೇಬಿನಲ್ಲಿ ಮೂಗೊರೆಸಿದ ಕರವಸ್ತ್ರ ಇತ್ತು. ಚಿಕ್ಕಂದಿನಿಂದ ನೋಡಿದ್ದು ಒಂದೇ, ಕೊರಳಿಂದ ತೆಗೆದರೆ ಎತ್ತರದ ಗೂಡಿನಲ್ಲಿಡಬೇಕು, ಇಲ್ಲವೇ ಗೋಡೆಯ ಗೂಟಕ್ಕೆ ಹಾಕಬೇಕು. ಸುತ್ತ ನೋಡಿದೆ. ಕಿಟಕಿಯ ಮೇಲೆ ಪರದೆಯ ಕಂಬಿ ಸಿಕ್ಕಿಸಿದ ಕೊಕ್ಕೆ ಕಾಣಿಸಿತು. ಸ್ಟೂಲ್ ಹತ್ತಿ, ಪರದೆಯ ಹಿಂದೆ, ಯಾರ ಕೈಗೂ ಎಟುಕದ ಹಾಗೆ ಆ ಕೊಕ್ಕೆಗೆ ನೇತುಹಾಕಿದೆ.

ತಟ್ಟೆಗೆ ಹಾಕಿದ್ದೆಲ್ಲ ಒಂದೂ ಬಿಡದೆ ವಾಪಸ್ ಬಂತು. ಒಡೆದ ಕನ್ನಡಕದ ಚೂರನ್ನು ಕೂಡ ಕಾಗದದಲ್ಲಿ ಸುತ್ತಿ ಕೊಟ್ಟರು. ಮಣಿಕಟ್ಟು ಮುರಿದಿದೆ, ಪಕ್ಕೆಲುಬಿಗೆ ಪೆಟ್ಟಾಗಿದೆ, ಮುರಿದಿಲ್ಲ ಎಂದರು. ಬ್ಯಾಂಡೇಜು ಹಾಕಿ, ನೋವಿಗೆ ಇಂಜೆಕ್ಷನ್ ಕೊಟ್ಟರು. ಅಕ್ಕ ತೂಕಡಿಸುತ್ತಿದ್ದಳು. ಮ್ಯಾನೇಜರ್ ಹೊರಗಡೆ ವಾಚು ನೋಡಿ ನೋಡಿ ಸಾಯುತ್ತಿದ್ದರು, ಹಡಗು ಯಾರಿಗೂ ಕಾಯುವುದಿಲ್ಲ ಮೇಡಂ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ನಾನು ಅಡ್ರೆಸ್ ಫಾರಂ ತುಂಬಿ, ಗುಬ್ಬಿಯ ಮನೆಯ ವಿಳಾಸ ಬರೆದು, ಅಕ್ಕನಿಗೆ ಕೋಟು ಹೊದಿಸಿ ಟ್ಯಾಕ್ಸಿಗೆ ಹತ್ತಿಸಿದೆ.

ಹಡಗು ಬಂದರು ಬಿಟ್ಟು ಎರಡು ಗಂಟೆಯಾದ ಮೇಲೆ ಅಕ್ಕನಿಗೆ ಎಚ್ಚರವಾಯಿತು. ಎಡಗೈ ಎದೆಯ ಹತ್ತಿರ ಹೋಯಿತು. ಅಲ್ಲೇ ತಡಕಾಡಿತು. ಅವಳು ಬಾಯಿ ತೆರೆಯುವ ಮೊದಲೇ ನನಗೆ ಆ ಕೊಕ್ಕೆ ನೆನಪಾಯಿತು. 

“ಎಲ್ಲೇ?” ಎಂದಳು.

ಹೇಳಿದೆ. ಆ ಹೊತ್ತಿನಲ್ಲಿ ಸುಳ್ಳು ಹೊಳೆಯಲಿಲ್ಲ.

ಅವಳು ಕೂಗಾಡಲಿಲ್ಲ. ಕಣ್ಣು ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಮ್ಯಾನೇಜರ್ ಆಸ್ಪತ್ರೆಗೆ ಫೋನು ಮಾಡಿದರು. ಫೋನೆತ್ತಿದ ಹೆಂಗಸು ಹೋಗಿ ಹುಡುಕಿ ಬಂದು, ಎಕ್ಸ್‌ರೇ ರೂಮಿನ ಕಿಟಕಿಯಲ್ಲಿ ಏನೂ ಇಲ್ಲ ಎಂದಳಂತೆ. ಎಕ್ಸ್‌ರೇ ರೂಮಲ್ಲ, ಬಟ್ಟೆ ಬದಲಿಸುವ ರೂಮು ಎಂದು ನಾನು ಹೇಳುವಷ್ಟರಲ್ಲಿ ಫೋನು ಸಿಗ್ನಲ್ ಕಳೆದುಕೊಂಡಿತು. ಮ್ಯಾನೇಜರ್ ಒಂದು ಇಮೇಲ್ ಕಳಿಸಿದರು. ಉತ್ತರ ಬರಲಿಲ್ಲ.

ನಮ್ಮ ತವರೂರು ಊರ್ಡಿಗೆರೆಯಲ್ಲಿ ಅಜ್ಜಿಯ ಲಿಂಗ ಒಮ್ಮೆ ನೀರು ಸೇದುವಾಗ ಬಾವಿಗೆ ಬಿದ್ದಿತ್ತಂತೆ. ಊರಿನವರು ಸೇರಿ ಬಾವಿ ಬತ್ತಿಸಿ ಕೆಸರು ಜಾಲಾಡಿ ತೆಗೆದುಕೊಡುವ ತನಕ, ಮೂರು ದಿನ, ಅಜ್ಜಿ ಬಾಯಿಗೆ ಏನನ್ನೂ ಹಾಕಲಿಲ್ಲವಂತೆ. ಈ ಕಥೆಯನ್ನು ಕೇಳಿಕೊಂಡೇ ನಾವಿಬ್ಬರೂ ಬೆಳೆದವರು. ನನಗೆ ಅದು ಅಜ್ಜಿಯ ಹಠದ ಕಥೆ. ಅಕ್ಕನಿಗೆ ಹಾಗಿರಲಿಲ್ಲ ಎಂದು ಗೊತ್ತಿದ್ದೂ, ಬೆಳಿಗ್ಗೆ ಹೊತ್ತಿಗೆ ಹಸಿವಾದರೆ ತಾನೇ ಉಣ್ಣುತ್ತಾಳೆ ಎಂದುಕೊಂಡು ಮಲಗಿದೆ.

ಉಣ್ಣಲಿಲ್ಲ. ನೀರೂ ಮುಟ್ಟಲಿಲ್ಲ. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಮಾತ್ರೆ ನುಂಗಿ ಉಣ್ಣದಿದ್ದರೆ ಒಂದು ಕಷ್ಟ, ಮಾತ್ರೆ ನುಂಗದಿದ್ದರೆ ಇನ್ನೊಂದು. ಹಡಗಿನ ಡಾಕ್ಟರು ಬಂದು ಗ್ಲೂಕೋಸ್ ಹಾಕುತ್ತೇನೆ ಎಂದರೆ ಕೈ ಎಳೆದುಕೊಂಡಳು. ಹೀಗೇ ಆದರೆ ಮುಂದಿನ ಬಂದರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ, ನಾಲಗೆ ಒಣಗಿದೆ, ವಯಸ್ಸಾದವರು, ಇನ್ನೊಂದು ದಿನ ತಡೆಯುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ನಾನು ರೇಗಿದೆ. ಕಾಲು ಹಿಡಿದೆ. ಮತ್ತೆ ರೇಗಿದೆ. “ಶಿವ ಏನು ಆ ಕಿಟಕಿಯಲ್ಲಿ ನೇತಾಡ್ತಾ ಕೂತಿದಾನಾ? ನೀನು ಸತ್ರೆ ನಿನ್ ಮಗನಿಗೆ ಏನಂತ ಹೇಳ್ಲಿ ನಾನು?” ಎಂದು ಕೂಗಿದೆ. ಪಕ್ಕದ ಕೋಣೆಯಿಂದ ಟೈರ್ ಅಂಗಡಿಯ ಅಮ್ಮ ಎದ್ದು ಬಂದರು. ಅಕ್ಕನ ಪಕ್ಕ ಕೂತು ಅವಳ ಕಾಲು ಒತ್ತಿದರು.

“ನಮ್ಮಲ್ಲೂ ರೋಜಾ ಇರ್ತೀವಿ ಅಮ್ಮ. ಕಾಯಿಲೆಯವ್ರಿಗೆ, ದಾರೀಲಿರೋರ್ಗೆ ಮಾಫಿ ಐತೆ. ನಿಮ್ಮಲ್ಲಿಲ್ವಾ?” ಎಂದು ಕೇಳಿದರು.

“ಇದು ಉಪವಾಸ ಅಲ್ಲ ತಾಯಿ,” ಎಂದಳು ಅಕ್ಕ. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. “ಉಣ್ಣೋಕೆ ಮುಂಚೆ ಅವನಿಗೆ ತೋರಿಸ್ಬೇಕು. ಅವನೇ ಇಲ್ಲ. ಯಾರಿಗ್ ತೋರ್ಸಿ ಉಣ್ಣಲಿ?”

ಆ ಅಮ್ಮ ಕಾಲು ಒತ್ತುತ್ತಲೇ ಇದ್ದರು.

ಮೂರನೆಯ ದಿನ ಹಡಗು ಒಂದು ಸಣ್ಣ ಹಳ್ಳಿಯ ಮುಂದೆ ಲಂಗರು ಹಾಕಿತು. ದೋಣಿಯಲ್ಲಿ ದಡಕ್ಕೆ ಹೋಗಬೇಕು. ಹಡಗಿನಲ್ಲಿ ಸಿಗ್ನಲ್ ಇಲ್ಲ, ದಡಕ್ಕೆ ಹೋಗಿ ಆಸ್ಪತ್ರೆಗೆ ಇನ್ನೊಮ್ಮೆ ಫೋನು ಮಾಡಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಹೊರಟೆ. ಫೋನು ಮಾಡಲು ಹೊರಟಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ದಡದಲ್ಲಿ ಇಳಿದ ಮೇಲೆ ಫೋನು ಜೇಬಿನಿಂದ ತೆಗೆಯಲೇ ಇಲ್ಲ. ನೇರವಾಗಿ ನೀರಿನ ಅಂಚಿಗೆ ಹೋಗಿ ಕೂತೆ. ದಂಡೆಯ ತುಂಬ ನುಣುಪಾದ ಕಪ್ಪು ಕಲ್ಲುಗಳು.

ನಲವತ್ತು ನಿಮಿಷ ಹುಡುಕಿದ್ದೇನೆ. ದೊಡ್ಡದಾಯಿತು, ಚಪ್ಪಟೆಯಾಯಿತು, ಬಿಳಿ ಗೆರೆ ಇದೆ ಎಂದು ಒಂದೊಂದನ್ನೇ ಬಿಸಾಡುತ್ತ, ಕೊನೆಗೆ ಬುಡ ಸಮನಾಗಿ ಮೇಲೆ ಉಬ್ಬಿದ ಒಂದು ಕಲ್ಲು ಸಿಕ್ಕಿತು. ಅಕ್ಕನ ಲಿಂಗದಷ್ಟೇ ಗಾತ್ರ. ಪೆಟ್ಟಿಗೆಯಿಂದ ಪಂಚೆಯ ಪಟ್ಟಿಯೊಂದನ್ನು ಬರುವಾಗಲೇ ತಂದಿದ್ದೆ. ಅಂದರೆ ಹಡಗಿನಲ್ಲೇ ತೀರ್ಮಾನ ಮಾಡಿದ್ದೆ ಎಂದಾಯಿತು. ಸುತ್ತಿ ಗಂಟು ಹಾಕಿ ತಲೆ ಎತ್ತಿದರೆ ಟೈರ್ ಅಂಗಡಿಯ ಅಮ್ಮ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು.

“ನಾನೇನೂ ನೋಡ್ಲಿಲ್ಲ ಟೀಚರ್,” ಎಂದು ದೋಣಿಯ ಕಡೆ ನಡೆದರು.

ಅಕ್ಕನಿಗೆ ಹೇಳಿದ ಸುಳ್ಳು ಚೆನ್ನಾಗಿಯೇ ಇತ್ತು. ಆಸ್ಪತ್ರೆಯ ನರ್ಸಮ್ಮನಿಗೆ ಅದು ಸಿಕ್ಕಿತಂತೆ, ಮುಂದೆ ಹಡಗು ನಿಲ್ಲುವುದು ಇಲ್ಲೇ ಎಂದು ತಿಳಿದುಕೊಂಡು ಬಸ್ಸಿನ ಡ್ರೈವರ್ ಕೈಲಿ ಕೊಟ್ಟು ಕಳಿಸಿದಳಂತೆ, ಡ್ರೈವರ್ ದಡದಲ್ಲಿ ಕಾಯುತ್ತಿದ್ದನಂತೆ. ಅಕ್ಕ ಎದ್ದು ಕೂರಲು ಹೋಗಿ ಆಗದೆ ನನ್ನ ತೋಳು ಹಿಡಿದುಕೊಂಡಳು. ಗಂಟನ್ನು ಕಣ್ಣಿಗೊತ್ತಿಕೊಂಡು ಹೋ ಎಂದು ಅತ್ತಳು. ಭಾವ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಮೈ ಒರೆಸಿ, ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿದೆ. ಬಲಗೈ ಬ್ಯಾಂಡೇಜಿನಲ್ಲಿ. ಕನ್ನಡಕವಿಲ್ಲ, ಕಣ್ಣಿನಲ್ಲಿ ಪೊರೆ. ನಾನೇ ಪಟ್ಟಿ ಬಿಚ್ಚಿ ಕಲ್ಲನ್ನು ಅವಳ ಎಡಗೈಯಲ್ಲಿಟ್ಟು, ಕೈ ನಡುಗದಂತೆ ಕೆಳಗಿನಿಂದ ಹಿಡಿದುಕೊಂಡೆ. ನೀರು ಹಾಕಿದೆ. ಒಣಗಿದ ಬಿಲ್ವಪತ್ರೆ ಇಟ್ಟೆ. ಅವಳ ಪೂಜೆ ಮುಗಿಯಿತು. ಗಂಜಿ ಕುಡಿದಳು. ಒಂದು ಲೋಟ, ಆಮೇಲೆ ಇನ್ನೊಂದು ಲೋಟ. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಬದುಕಿಕೊಂಡಳಲ್ಲ ಎಂದು ಗೋಡೆಗೆ ಹಣೆ ಒತ್ತಿ ನಿಂತುಬಿಟ್ಟೆ. ತಪ್ಪು ಮಾಡಿದೆ ಎಂದು ಆಗ ಒಂದು ಚೂರೂ ಅನಿಸಲಿಲ್ಲ.

“ಆ ನರ್ಸಮ್ಮನ ಹೊಟ್ಟೆ ತಣ್ಣಗಿರ್ಲಿ,” ಎಂದು ಅಕ್ಕ ದಿನಾ ಊಟಕ್ಕೆ ಮುಂಚೆ ಹೇಳುತ್ತಿದ್ದಳು.

ಇದಾದ ಎರಡು ದಿನಕ್ಕೆ ಇನ್ನೊಂದು ನಡೆಯಿತು. ಗುಬ್ಬಿಯ ಮನೆಯಲ್ಲಿ ಅಕ್ಕ ಪೂಜೆಯ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಪೂಜೆಯಾದ ಮೇಲೆ ಒಳಗೆ ಏನೋ ಗುಸುಗುಸು ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅದು ಅವಳಿಗೂ ಅವಳ ಶಿವನಿಗೂ ಬಿಟ್ಟದ್ದು, ಭಾವ ಕೂಡ ಆ ಬಾಗಿಲು ತಟ್ಟುತ್ತಿರಲಿಲ್ಲ. ಹಡಗಿನ ಕೋಣೆಯಲ್ಲಿ ಪೂಜೆಗೆ ಬೇರೆ ಬಾಗಿಲೆಲ್ಲಿ? ಅವಳ ಕೈ ಹಿಡಿದುಕೊಂಡು ನಾನು ಪಕ್ಕದಲ್ಲೇ ಇರಬೇಕಾಗಿತ್ತು. ಆ ದಿನ ಬೆಳಿಗ್ಗೆ ಅವಳು ಕಣ್ಣು ಮುಚ್ಚಿಕೊಂಡು ಮಾತಾಡಲು ಶುರು ಮಾಡಿದಳು. ಭಾವ ಮಲಗಿದ್ದ ಮೂರು ತಿಂಗಳ ವಿಷಯ. ಒಂದು ಮಧ್ಯಾಹ್ನ ಅವರು ಒಳಗಿನಿಂದ ಕರೆದಾಗ ಹಿತ್ತಿಲಲ್ಲಿದ್ದ ತಾನು ಏನು ಮಾಡಲಿಲ್ಲ ಎಂಬ ವಿಷಯ. ಅದರ ನಂತರ ಅವರು ಮತ್ತೆ ಕರೆಯಲಿಲ್ಲ ಎಂಬ ವಿಷಯ. ಇಷ್ಟಕ್ಕೇ ನಿಲ್ಲಿಸುತ್ತೇನೆ. ಉಳಿದದ್ದು ಬರೆಯಲು ನನಗೆ ಹಕ್ಕಿಲ್ಲ.

ನನ್ನ ಕೈಯ ಮೇಲೆ ಅವಳ ಕೈ, ಅದರ ಮೇಲೆ ಯಾವುದೋ ಸಮುದ್ರದ ಕಲ್ಲು. ಅಕ್ಕಾ ಸಾಕು ಎನ್ನಬಹುದಿತ್ತು. ಕೆಮ್ಮಬಹುದಿತ್ತು, ಕೈ ಸಡಿಲ ಬಿಡಬಹುದಿತ್ತು. ನಾನು ಅಲ್ಲಾಡಲಿಲ್ಲ. ಪೂಜೆಯ ನಡುವೆ ತಡೆಯಬಾರದು ಎಂದು ಸುಮ್ಮನಿದ್ದೆ ಎಂದು ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಕೇಳಬೇಕು ಅನಿಸಿತ್ತು. ಭಾವ ಹೇಗೆ ಹೋದರು ಎಂದು ಕೇಳಿದಾಗಲೆಲ್ಲ ಅಕ್ಕ ಮಾತು ಹಾರಿಸುತ್ತಿದ್ದಳು. ನನಗೆ ಕುತೂಹಲವಿತ್ತು.

ಮಾತು ಮುಗಿಸಿ ಕಣ್ಣು ಬಿಟ್ಟಾಗ ಅವಳ ಮುಖ ತಿಳಿಯಾಗಿತ್ತು. ಆ ದಿನ ಡೆಕ್ಕಿನ ಮೇಲೆ ಬಂದು ಕೂತಳು. ಸಮುದ್ರದ ಮೇಲೆ ಮೊದಲ ಸಲ ಸ್ವಲ್ಪ ಬಿಸಿಲು ಬಿದ್ದಿತ್ತು. ಟೈರ್ ಅಂಗಡಿಯ ಅಮ್ಮನ ಜೊತೆ ನಗುನಗುತ್ತ ಮಾತಾಡಿದಳು. ನನಗೆ ಅವಳ ಮುಖ ನೋಡಲು ಆಗಲಿಲ್ಲ.

ಊರಿಗೆ ಬಂದ ಮೇಲೆ ಅವಳನ್ನು ಸದಾಶಿವನಗರದ ನನ್ನ ಮನೆಗೇ ಕರೆದುಕೊಂಡು ಬಂದೆ. ಕೈಯ ಕಟ್ಟು ಬಿಚ್ಚುವ ತನಕ ಇಲ್ಲೇ ಇರಲಿ, ಇಲ್ಲಿಂದ ಡಾಕ್ಟರು ಹತ್ತಿರ ಎಂದು ಮಗನಿಗೆ ಹೇಳಿದೆ. ನಿಜವಾದ ಕಾರಣ ಬೇರೆ. ಪಟ್ಟಿ ಬಿಚ್ಚಿ ಕಟ್ಟುವುದು ನನ್ನ ಕೈಯಲ್ಲೇ ಇರಬೇಕಿತ್ತು. ಮಠದ ಸ್ವಾಮಿಗಳನ್ನು ಗುಟ್ಟಾಗಿ ಕಂಡು, ಇದ್ದದ್ದನ್ನು ಹೇಳಿ, ಒಂದು ಹೊಸ ಲಿಂಗ ಪಡೆದು, ಕಣ್ಣಿನ ಆಪರೇಷನ್ನಿಗೆ ಮುಂಚೆ ಬದಲಾಯಿಸಿಬಿಡಬೇಕು ಎಂದು ಲೆಕ್ಕ ಹಾಕಿದ್ದೆ. ಸ್ವಾಮಿಗಳು ಬೇರೆ ಊರಿಗೆ ಹೋಗಿದ್ದರು. ನಾಳೆ ಬರುತ್ತಾರೆ, ನಾಡಿದ್ದು ಬರುತ್ತಾರೆ ಎಂದು ದಿನ ಕಳೆಯಿತು.

ಅಕ್ಕನ ಸೊಸೆ ಒಂದು ಭಾನುವಾರ ಗುಬ್ಬಿಯಿಂದ ಬಂದಳು. ಚೀಲದಿಂದ ಸೊಪ್ಪು, ಹೀರೆಕಾಯಿ, ತುಪ್ಪದ ಡಬ್ಬಿ ಎಲ್ಲ ತೆಗೆದಿಟ್ಟು, ಕೊನೆಗೆ ಕಂದು ಬಣ್ಣದ ದಪ್ಪ ಲಕೋಟೆಯೊಂದನ್ನು ತೆಗೆದಳು.

“ಅತ್ತೆ, ನಿಮ್ ಹೆಸ್ರಿಗೆ ಫಾರಿನ್ನಿಂದ ಪಾರ್ಸಲ್ ಬಂದೈತೆ. ಮೊನ್ನೆ ಪೋಸ್ಟ್‌ಮ್ಯಾನ್ ಕೊಟ್ಟೋದ.”

ನಾನು ಕೈ ಚಾಚಿದೆ. ಅಷ್ಟರಲ್ಲಿ ಅವಳು ಕತ್ತರಿಯಿಂದ ಅಂಚು ಕತ್ತರಿಸಿಬಿಟ್ಟಿದ್ದಳು. ಮೇಜಿನ ಮೇಲೆ ಒಂದು ಸಣ್ಣ ಬಿಳಿ ಗಂಟು ಬಿತ್ತು. ಪಂಚೆಯ ಅಂಚಿನ ಹಸಿರು ಗೆರೆ ಕಾಣುತ್ತಿತ್ತು. ಜೊತೆಗೆ ಒಂದು ಚೀಟಿ.

ಅಕ್ಕ ಎಡಗೈಯಲ್ಲಿ ಗಂಟನ್ನು ಮುಟ್ಟಿದಳು. ಎತ್ತಿ ತೂಕ ನೋಡಿದಳು. ಕೈ ಅಲ್ಲೇ ನಿಂತಿತು.

“ಓದೇ,” ಎಂದಳು ನನಗೆ.

ಓದಿದೆ. ಇಂಗ್ಲಿಷಿನಲ್ಲಿದ್ದದ್ದನ್ನು ಕನ್ನಡ ಮಾಡಿ ಹೇಳಿದೆ. ಒಗೆಯುವುದಕ್ಕೆ ಪರದೆಗಳನ್ನು ಇಳಿಸಿದಾಗ ಇದು ಸಿಕ್ಕಿತು. ನಿಮಗೆ ಇದು ಮುಖ್ಯವಾದದ್ದು ಎಂದು ಇಮೇಲ್‌ನಲ್ಲಿ ಓದಿದೆವು. ನಾವು ಬಿಚ್ಚಿ ನೋಡಿಲ್ಲ. ತಡವಾಗಿದ್ದಕ್ಕೆ ಕ್ಷಮಿಸಿ, ಕೈ ಬೇಗ ವಾಸಿಯಾಗಲಿ. ಇಷ್ಟೇ ಇತ್ತು.

ಸೊಸೆ ಅತ್ತೆಯ ಮುಖ, ನನ್ನ ಮುಖ ನೋಡುತ್ತ ನಿಂತಿದ್ದಳು. ಅಕ್ಕ ಕೊರಳಿನ ಗಂಟನ್ನು ಎಡಗೈಯಲ್ಲೂ ಹಲ್ಲಿನಲ್ಲೂ ತಾನೇ ಬಿಚ್ಚಿದಳು. ಕಲ್ಲನ್ನು ಹೀರೆಕಾಯಿಯ ಪಕ್ಕ ಇಟ್ಟಳು.

“ಎಲ್ಲಿಂದ ತಂದೆ?”

“ಆ ಹಳ್ಳಿಯ ಸಮುದ್ರದ ದಂಡೆಯಿಂದ.”

“ತೊಳ್ದಿದ್ಯಾ?”

ತೊಳೆದಿರಲಿಲ್ಲ. ಅದನ್ನೂ ಹೇಳಿದೆ. ಅವಳು ತಲೆಯಾಡಿಸಿ, ಸೊಸೆಗೆ ಬಟ್ಟೆ ತುಂಬಿಕೊಳ್ಳಲು ಹೇಳಿದಳು. ಸಾರು ಒಲೆಯ ಮೇಲಿತ್ತು. ಊಟ ಮಾಡಿಕೊಂಡು ಹೋಗು ಅಕ್ಕ ಎಂದು ಬೇಡಿಕೊಂಡೆ. ಮಧ್ಯಾಹ್ನದ ಬಸ್ಸಿಗೆ ಹೊರಟುಹೋದರು.

ಸ್ವಾಮಿಗಳು ಊರಿಗೆ ಬಂದ ಮೇಲೆ ಮಗ ಅವಳನ್ನು ಮಠಕ್ಕೆ ಕರೆದುಕೊಂಡು ಹೋದ. ನಾನೂ ಹೋಗಿ ಹಿಂದೆ ನಿಂತುಕೊಂಡೆ. ಎಲ್ಲ ಕೇಳಿಸಿಕೊಂಡು ಸ್ವಾಮಿಗಳು, “ನೀವು ಲಿಂಗ ಅಂತಲೇ ಪೂಜೆ ಮಾಡಿದ್ರಿ ತಾಯಿ. ಅವನಿಗೆ ಮುಟ್ಟಿದೆ. ತಂಗಿ ನಿಮ್ಮ ಪ್ರಾಣ ಉಳಿಸಿದ್ದಾಳೆ, ಮನಸ್ಸಲ್ಲಿ ಏನೂ ಇಟ್ಕೋಬೇಡಿ,” ಎಂದರು. ಅವಳ ಲಿಂಗವನ್ನು ಮತ್ತೆ ಪೂಜಿಸಿ ತಾವೇ ಕಟ್ಟಿದರು. ಅಕ್ಕ ಪಾದಕ್ಕೆ ಎರಗಿದಳು. ಮಠದಲ್ಲಿ ಪಂಕ್ತಿಯಲ್ಲಿ ನನ್ನ ಪಕ್ಕವೇ ಕೂತು ಪ್ರಸಾದ ಉಂಡಳು. ನಾನು ಎಲ್ಲ ಮುಗಿಯಿತು ಎಂದುಕೊಂಡೆ.

ಕಣ್ಣಿನ ಆಪರೇಷನ್ ತುಮಕೂರಿನಲ್ಲೇ ಆಯಿತು. ತೋರಿಸಲು ಬಂದಾಗಲೆಲ್ಲ ನನ್ನ ಮನೆಗೆ ಬರುತ್ತಾಳೆ. ಮಾತು ಬಿಟ್ಟಿಲ್ಲ. ಮೊಮ್ಮಗನ ಸ್ಕೂಲು, ಗುಬ್ಬಿಯ ನೀರಿನ ಪೈಪು, ನೆಂಟರ ಮದುವೆ ಎಲ್ಲ ಹೇಳುತ್ತಾಳೆ. ಆದರೆ ಕೈಚೀಲದಲ್ಲಿ ಒಂದು ಸ್ಟೀಲ್ ಬಾಟಲಿ ನೀರು, ಡಬ್ಬಿಯಲ್ಲಿ ಚಪಾತಿ ತಂದಿರುತ್ತಾಳೆ. ಮೊದಲ ಸಲ ಕಣ್ಣಿನ ಡಾಕ್ಟರು ಏನೋ ಪಥ್ಯ ಹೇಳಿರಬೇಕು ಎಂದುಕೊಂಡೆ. ಎರಡನೆಯ ಸಲ ಅರ್ಥವಾಯಿತು. ಐದನೆಯ ಸಲ ನಾನು ಕಾಫಿ ತಂದಿಟ್ಟಾಗ ಅವಳು ಲೋಟವನ್ನು ಮೆಲ್ಲಗೆ ನನ್ನ ಕಡೆಗೇ ತಳ್ಳಿದಳು. ನನಗೆ ತಡೆಯಲಾಗಲಿಲ್ಲ.

“ಸ್ವಾಮಿಗಳೇ ತಪ್ಪಿಲ್ಲ ಅಂದ್ರು. ನಿನಗೇನು ಅವರಿಗಿಂತ ಹೆಚ್ಚು ಗೊತ್ತಾ? ನಿನ್ನನ್ನ ಉಳಿಸಿಕೊಂಡಿದ್ದೇ ನನ್ನ ಪಾಪನಾ?” ಎಂದು ಕೂಗಿದೆ.

ಅಕ್ಕ ಹೊಸ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಹಾಕಿಕೊಂಡು ನನ್ನನ್ನು ನೇರವಾಗಿ ನೋಡಿದಳು.

“ಸುಳ್ಳು ಹೇಳಿ ಉಣ್ಣಿಸ್ದೆ, ಅದನ್ನ ಬುಡು. ನಿನ್ ಜಾಗ್ದಲ್ಲಿ ನಾನಿದ್ರೂ ಅದ್ನೇ ಮಾಡ್ತಿದ್ನೇನೋ. ಅದ್ಕಲ್ಲ ಕಣೇ. ಅವತ್ತು ನಾನು ನಿಮ್ ಭಾವನ್ ವಿಷ್ಯ ಬಾಯಿ ಬಿಟ್ಟಾಗ ನನ್ ಕೈಲಿರೋದು ಏನು ಅಂತ ನಿಂಗ್ ಗೊತ್ತಿತ್ತು. ಅಕ್ಕಾ ಸುಮ್ನಿರು ಅನ್ಬೋದಿತ್ತು. ಕೈ ಹಿಡ್ಕೊಂಡು ಕೂತು ಪೂರ್ತಿ ಕೇಳಿಸ್ಕೊಂಡೆ. ಆ ಸ್ವಾಮಿಗಳಿಗೆ ನಾನ್ ಇದ್ನ ಹೇಳಿಲ್ಲ. ನಾನು ಶಿವನಿಗೆ ಹೇಳ್ಕೊಂಡೆ ಅಂದ್ಕೊಂಡಿದ್ದೆ. ಹೇಳಿದ್ದು ನಿಂಗೆ.”

 ಮೂರು ಗಂಟೆಗೆ ಅವಳನ್ನು ಬಸ್ ಸ್ಟ್ಯಾಂಡಿನವರೆಗೆ ಆಟೋದಲ್ಲಿ ಬಿಟ್ಟು ಬಂದೆ. ಹತ್ತಿದ ಮೇಲೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಿಸಿಲಲ್ಲಿ ನಿಲ್ಲಬೇಡ, ಮನೆಗೆ ಹೋಗು ಎಂದಳು. ಮುಂದಿನ ತಿಂಗಳು ಮತ್ತೆ ಬರುತ್ತಾಳೆ. ಬಂದಾಗ ನಾನು ಒಂದು ಲೋಟ ನೀರು ತಂದಿಡುತ್ತೇನೆ, ಇಡುವುದನ್ನು ನಿಲ್ಲಿಸಿಲ್ಲ. ಅವಳು ಹೋದ ಮೇಲೆ ಅದನ್ನು ನಾನೇ ಕುಡಿಯುತ್ತೇನೆ.